ದ್ರಾಕ್ಷಿಯ ಹುದುಗುವಿಕೆಯೂ ತೋಟಗಾರನ ಲಾಭವೂ

ದ್ರಾಕ್ಷಿಯನ್ನು ತೂಗಿಕೊಟ್ಟೊಡನೆ ತೋಟಗಾರನ ಕೆಲಸವು ಮುಗಿಯಿತೆಂದೂ, ವೈನಿನ ಗುಣಾವಗುಣಗಳೆಲ್ಲ ಕಾರ್ಖಾನೆಯವರಿಗೇ ಸೇರಿದುವೆಂದೂ ನಮ್ಮ ಸೀಮೆಯಲ್ಲಿ ಅನೇಕರು ನಂಬಿರುವರು. ಈ ನಂಬಿಕೆಯು ಸರಿಯಲ್ಲ. ಇದರಿಂದ ಮೊದಲು ನಷ್ಟಪಡುವವನೂ ತೋಟಗಾರನೇ. ವೈನಿಗೆ ರುಚಿಯನ್ನು ಕೊಡುವುದು ಹುದುಗುವಿಕೆ. ಆ ಹುದುಗುವಿಕೆಗೆ ಬೇಕಾದ ಸಾಮಗ್ರಿಯಾದರೋ ಬಳ್ಳಿಯ ಮೇಲೆಯೇ ಸಿದ್ಧವಾಗತಕ್ಕದ್ದು. ಆದಕಾರಣ ವೈನಿಗೆ ಹೋಗುವ ದ್ರಾಕ್ಷಿಯ ಬೆಲೆಯನ್ನು ತೂಕದಿಂದ ಮಾತ್ರವಲ್ಲದೆ ಸಕ್ಕರೆಯ ಅಂಶದಿಂದಲೂ ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ. ಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಬೆಳೆದವನಿಗೆ ನ್ಯಾಯವಾದ ಪ್ರತಿಫಲ ದೊರೆಯಬೇಕೆಂಬುದಷ್ಟೇ ಉದ್ದೇಶ.

ಬಾಶೆಟ್ಟಿಹಳ್ಳಿ ಮೊದಲಾದ ದೊಡ್ಡಬಳ್ಳಾಪುರ ತಾಲ್ಲೂಕಿನ ಊರುಗಳ ಹಿರಿಯರಿಗೆ ಈ ವಿಷಯವು ದೂರದ್ದಲ್ಲ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಸ್ಥಾಪಿಸಿದ ದ್ರಾಕ್ಷಿ ತೋಟವೂ ವೈನ್ ಕಾರ್ಖಾನೆಯೂ ಇದೇ ತಾಲ್ಲೂಕಿನ ರಘುನಾಥಪುರದಲ್ಲಿ, ನಂದಿಬೆಟ್ಟದ ಸೀಮೆಯಲ್ಲಿರುವುವು. ಅಲ್ಲಿ ಫ್ರಾನ್ಸ್ ದೇಶದ ತಳಿಗಳನ್ನು ಬೆಳೆಯಿಸಿರುವರು. ನಮ್ಮ ರೈತರ ಚಪ್ಪರಗಳಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ದ್ರಾಕ್ಷಿ ಸಂಸ್ಕರಣೆಗೂ ವೈನ್ ತಯಾರಿಕೆಗೂ ಉತ್ತೇಜನ ಕೊಡಲು ಕರ್ನಾಟಕ ಸರ್ಕಾರವು 2007ರಲ್ಲಿಯೇ ನೀತಿಯೊಂದನ್ನು ರೂಪಿಸಿತು. ಹೀಗಿದ್ದರೂ ಕಾರ್ಖಾನೆಗಳೂ ನಿವೇಶನಗಳೂ ನೆಲವನ್ನು ಕೇಳುತ್ತಿರುವ ಈ ದಿನಗಳಲ್ಲಿ, ಹಣ್ಣಿಗೆ ತಕ್ಕ ಬೆಲೆ ಬಾರದಿದ್ದರೆ ಚಪ್ಪರವು ಉಳಿಯಲಾರದು.

ಹುದುಗುವಿಕೆಯೆಂಬುದು ನಮ್ಮ ಮನೆಗಳಿಗೆ ಹೊಸದಲ್ಲ. ದೋಸೆಯ ಹಿಟ್ಟು ಮಾಗಿಯ ಚಳಿಯಲ್ಲಿ ಬೇಗನೆ ಉಬ್ಬದು. ಬೇಸಗೆಯಲ್ಲಿ ಹೊತ್ತು ಮೀರಿದರೆ ಹುಳಿಯಾಗಿಬಿಡುವುದು. ವೈದ್ಯರು ಕೊಡುವ ದ್ರಾಕ್ಷಾರಿಷ್ಟವೂ ಹುದುಗಿಸಿದ್ದೇ. ವೈನಿನಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ರಸದೊಳಗಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಉಂಟುಮಾಡುವುದು; ಜೊತೆಗೆ ಹಣ್ಣುಹೂಗಳನ್ನು ನೆನಪಿಗೆ ತರುವ ನಾನಾ ಸುವಾಸನೆಗಳನ್ನೂ ಹುಟ್ಟಿಸುವುದು. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರು ವೈನನ್ನು ಕುರಿತ ತಮ್ಮ ಗ್ರಂಥವನ್ನು 1866ರಲ್ಲಿ ಪ್ರಕಟಿಸಿ, ವೈನು ಕೆಡುವುದಕ್ಕೂ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದರು.

ಇಲ್ಲಿ ಲೆಕ್ಕವು ಸ್ಪಷ್ಟವಾಗಿದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಯು ಹುದುಗಿದರೆ ನೂರಕ್ಕೆ ಒಂದು ಪಾಲು ಮದ್ಯಸಾರವು ದೊರೆಯುವುದು. ಸಕ್ಕರೆಯೆಲ್ಲವೂ ಹುದುಗಿದರೆ ಸಿಹಿಯಿಲ್ಲದ ವೈನಾಗುವುದು. ನಡುವೆ ತಡೆದರೆ ಸಿಹಿಯು ಉಳಿಯುವುದು. ಸಕ್ಕರೆಯು ಸಾಲದ ಹಣ್ಣಿನಿಂದ ತೆಳುವಾದ, ಹುಳಿ ಮುಂದಾದ ವೈನಾಗುವುದು. ಇನ್ನು ಶಾಖದ ಮಾತು. ಬಿಳಿಯ ವೈನನ್ನು ಸಾಮಾನ್ಯವಾಗಿ 12ರಿಂದ 18 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ಹುದುಗಿಸಿ ಸುವಾಸನೆಯನ್ನು ಉಳಿಸಿಕೊಳ್ಳುವರು. ಕೆಂಪು ವೈನನ್ನು ಸಿಪ್ಪೆಯೊಡನೆ 25ರಿಂದ 30 ಡಿಗ್ರಿಯಲ್ಲಿ ಹುದುಗಿಸಿ ಬಣ್ಣವನ್ನೂ ಒಗರನ್ನೂ ಪಡೆಯುವರು. ಶಾಖವು ಬಹಳ ಏರಿದರೆ ಯೀಸ್ಟ್ ಸೊರಗಿ, ಹುದುಗುವಿಕೆಯು ಅರ್ಧಕ್ಕೆ ನಿಂತುಹೋಗುವುದು.

ಈಗ ತೋಟಗಾರನ ಹೊಣೆಯನ್ನು ನೋಡೋಣ. ಮಳೆಗೆ ಬಿರಿದ, ಹಕ್ಕಿ ಕುಕ್ಕಿದ, ಕೊಳೆತ ಹಣ್ಣುಗಳಲ್ಲಿ ವಿನಿಗರ್ ಮಾಡುವ ಸೂಕ್ಷ್ಮಜೀವಿಗಳು ಸೇರಿಕೊಳ್ಳುವುವು. ಹಣ್ಣನ್ನು ಗಾಡಿಯಲ್ಲಿ ರಾಶಿಯಾಗಿ ತುಂಬಿದರೆ ಅಡಿಯ ಗೊಂಚಲುಗಳು ನಜ್ಜುಗುಜ್ಜಾಗಿ, ದಾರಿಯಲ್ಲಿಯೇ ಅಂಕೆಯಿಲ್ಲದ ಹುದುಗುವಿಕೆಯು ಮೊದಲಾಗುವುದು. ಬೂದಿರೋಗಕ್ಕೆ ಎರಚಿದ ಗಂಧಕವು ಕೊಯ್ಲಿನವರೆಗೂ ಹಣ್ಣಿನ ಮೇಲೆ ಉಳಿದರೆ, ಯೀಸ್ಟ್ ಅದನ್ನು ಕೊಳೆತ ಮೊಟ್ಟೆಯ ನಾತವುಳ್ಳ ಅನಿಲವಾಗಿ ಮಾರ್ಪಡಿಸುವುದು. ಆದುದರಿಂದ ಗಂಧಕವನ್ನು ಕೊಯ್ಲಿಗೆ ಐದಾರು ವಾರ ಮುಂಚೆಯೇ ನಿಲ್ಲಿಸುವುದೂ, ಬೆಳಗಿನ ತಂಪಿನಲ್ಲಿ ಕೊಯ್ಯುವುದೂ, ಕೆಟ್ಟ ಹಣ್ಣನ್ನು ಆರಿಸಿ ತೆಗೆಯುವುದೂ, ಆಳವಿಲ್ಲದ ಕ್ರೇಟುಗಳಲ್ಲಿ ಅಂದೇ ಸಾಗಿಸುವುದೂ ಅವಶ್ಯಕ.

ಆದರೆ ಬರಿಯ ಬುದ್ಧಿವಾದದಿಂದ ಪ್ರಯೋಜನವಿಲ್ಲ. ಗೊಂಚಲನ್ನು ಇನ್ನೂ ಹತ್ತು ದಿನ ಬಳ್ಳಿಯಲ್ಲಿ ಬಿಟ್ಟರೆ ಸಕ್ಕರೆ ಏರಬಹುದು, ತೂಕ ಇಳಿಯಲೂಬಹುದು. ಮಳೆ, ಹಕ್ಕಿ, ಕಳ್ಳರ ಭಯವೆಲ್ಲ ತೋಟಗಾರನದೇ. ರಸದ ತೂಕವನ್ನೇ ಹಿಡಿದು ಎಣಿಸೋಣ: 16 ಡಿಗ್ರಿಯ 1000 ಕಿಲೋ ರಸದಲ್ಲಿ 160 ಕಿಲೋ ಸಕ್ಕರೆಯಿರುವುದು, ಮಾಗಿ 19 ಡಿಗ್ರಿಗೆ ಬಂದ 950 ಕಿಲೋ ರಸದಲ್ಲಿ 180 ಕಿಲೋ ಇರುವುದು. ತೂಕಕ್ಕೆ ಮಾತ್ರ ಹಣವೆಂದರೆ, ಕಾರ್ಖಾನೆಗೆ 20 ಕಿಲೋ ಸಕ್ಕರೆಯನ್ನು ಹೆಚ್ಚಾಗಿ ಒದಗಿಸಿದ ರೈತನು 50 ಕಿಲೋವಿನ ಹಣವನ್ನು ಕಳೆದುಕೊಳ್ಳುವನು. ಇಂಥ ವ್ಯವಹಾರದಲ್ಲಿ ಬೇಗನೆ ಕೊಯ್ದವನು ಜಾಣನೇ ಹೊರತು ಅಪರಾಧಿಯಲ್ಲ. ಹೊರದೇಶಗಳ ವೈನ್ ಸೀಮೆಗಳಲ್ಲಿ ಸಕ್ಕರೆಯನ್ನು ನೋಡಿ ಬೆಲೆ ಕೊಡುವ ಪದ್ಧತಿಯು ಬಹುಕಾಲದಿಂದಿದೆ. ಒಳ್ಳೆಯ ಹಣ್ಣು ಬೇಕೆನ್ನುವ ಕೊಳ್ಳುವವರು ಅದರ ಬೆಲೆಯನ್ನೂ ಕೊಡಬೇಕು.

ಬೆಂಗಳೂರು ನೀಲಿಯು ಎಲ್ಲ ಬಗೆಯ ವೈನಿಗೂ ಒಗ್ಗುವುದೆಂದು ಹೇಳಲಾಗದು. ಅದರ ಹುಳಿಯೂ ವಿಶಿಷ್ಟವಾದ ವಾಸನೆಯೂ ಹುದುಗಿದ ಮೇಲೂ ಉಳಿಯುವುವು. ಸಿಹಿ ವೈನಿಗೂ ಹಣ್ಣಿನ ರಸಕ್ಕೂ ಅದು ಹೆಚ್ಚು ಹೊಂದುವುದು. ಆದುದರಿಂದ ಕೊಳ್ಳುವವರ ಒಪ್ಪಂದವಿಲ್ಲದೆ, ಸಾಲಮಾಡಿ, ಇದ್ದ ಚಪ್ಪರವನ್ನು ಕಿತ್ತು ವಿದೇಶದ ತಳಿಯನ್ನು ನೆಡುವ ಆತುರವೂ ಬೇಡ. ಪರವಾನಗಿಯಿಲ್ಲದೆ ಮನೆಯಲ್ಲಿ ವೈನ್ ತಯಾರಿಸಿ ಮಾರುವುದು ಅಬಕಾರಿ ಕಾನೂನಿಗೆ ವಿರುದ್ಧವೆಂಬುದನ್ನೂ ಮರೆಯತಕ್ಕದ್ದಲ್ಲ.

ಗ್ರಾಮದ ಮುಖ್ಯಸ್ಥರು ಮನಸ್ಸು ಮಾಡಿದರೆ ಈ ಕಾರ್ಯವು ಕಷ್ಟವಲ್ಲ. ಊರಿನ ದ್ರಾಕ್ಷಿ ಬೆಳೆಗಾರರೆಲ್ಲರೂ ಕೂಡಿ ರಸದ ಸಕ್ಕರೆಯನ್ನು ಅಳೆಯುವ ಸಣ್ಣ ಬ್ರಿಕ್ಸ್ ಮಾಪಕವೊಂದನ್ನು ಕೊಳ್ಳಲಿ. ಹಣ್ಣು ಬಣ್ಣ ತಿರುಗಿದಂದಿನಿಂದ ವಾರಕ್ಕೆರಡು ಸಾರಿ ತೋಟದ ಹಲವು ಕಡೆಯ ಹಣ್ಣನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಲಿ. ಆ ಲೆಕ್ಕವನ್ನು ಮುಂದಿಟ್ಟುಕೊಂಡು, ಇಷ್ಟು ಡಿಗ್ರಿಗೆ ಇಷ್ಟು ಬೆಲೆಯೆಂದು ಕೊಯ್ಲಿಗೆ ಮುಂಚೆಯೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಲಿ. ಒಬ್ಬೊಬ್ಬರೇ ಹೋದರೆ ದಲ್ಲಾಳಿಯು ಹೇಳಿದ್ದೇ ಬೆಲೆ. ಊರೇ ಒಂದಾಗಿ ಲೆಕ್ಕದ ಪುಸ್ತಕದೊಡನೆ ಹೋದರೆ ಕೊಳ್ಳುವವರೂ ಯೋಚಿಸಿ ಮಾತನಾಡುವರು.