ದೇವದುರ್ಗಕ್ಕೆ ನಾಲ್ಕೇ ಅಕ್ಷರ

"ಕನ್ನಡದ ಪದಗಳು ಬಹಳ ಉದ್ದ" ಅಂತ ಗ್ರಾಫ್ ಸಮೇತ ಸಾಧಿಸುವವರನ್ನು ಕಂಡರೆ ಈಚೆಗೆ ನನಗೆ ರೇಗುತ್ತದೆ. ಪಠ್ಯವನ್ನು ಪದ ಪದವಾಗಿ ಒಡೆದು, ಆಕ್‌ನಲ್ಲಿ ಉದ್ದ ಅಳೆದು, ಸಾರ್ಟ್, ಯುನಿಕ್ ಮಾಡಿ ಗ್ನುಪ್ಲಾಟ್‌ಗೆ ಕೊಟ್ಟರೆ ಚಿತ್ರ ಬಂತು. ಸರಿ ಸ್ವಾಮಿ, ಅಳೆದದ್ದು ಏನನ್ನು?

ನಮ್ಮೂರು ದೇವದುರ್ಗ. ಬಾಯಲ್ಲಿ ಹೇಳಿದರೆ ದೇ-ವ-ದು-ರ್ಗ, ನಾಲ್ಕಕ್ಷರ. ಸಾಲಿನ ಕೊನೆಯ ಗುರುತು ಬಿಟ್ಟು ಡಬ್ಲ್ಯುಸಿ ಮೈನಸ್ ಸಿ ಕೊಟ್ಟರೆ 24, ಯಾಕಂದ್ರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಮೈನಸ್ ಎಂ ಕೊಟ್ಟರೆ 8. ಏತ್ವ, ಕೊಂಬು, ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಗ್ರೆಪ್‌ನ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಜಾಣ ಅಂದುಕೊಂಡಿದ್ದೆ, ಅದೂ ರ್ ಮತ್ತು ಗ ಬಿಡಿಸಿ 5 ಅಂದಿತು :( ಮೈನಸ್ ಎಂ ಲೆಕ್ಕದಲ್ಲಿ ನಾಲ್ಕಕ್ಷರದ ರಾಯಚೂರು 7ರ ಗುಂಪಿಗೆ, ಎರಡೇ ಅಕ್ಷರದ ಮಾನ್ವಿ 6ರ ಗುಂಪಿಗೆ!

ಇದು ಬರೀ ಗ್ರಾಫಿನ ಜಗಳ ಅಲ್ಲ. ಒಂದು ಕಡೆ ಊರಿನ ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದರು. ಅಪ್ಪನ ರಸೀದಿಯಲ್ಲಿ ಬಂದದ್ದು "ದೇವದುರ", ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ.

"ಊರಿನ ಹೆಸರ್ಯಾಕ ಕೊಯ್ದಾರ?" ಅಂದರು ಅಪ್ಪ. ಅಲ್ಲಿಯವರನ್ನು ಕೇಳಿದರೆ, ಕನ್ನಡ ಹೆಸರು ಉದ್ದ ಸಾರ್!

ಪ್ರತ್ಯಯ ಸೇರಿದರೆ ನಮ್ಮ ಪದ ಬೆಳೆಯುತ್ತದೆ, ಒಪ್ಪಿದೆ. ಅದನ್ನೂ ಸರಿಯಾಗಿಯೇ ಅಳೆಯಿರಿ. ಎಣಿಸುವ ಮೊದಲು ಸೆಡ್‌ನಲ್ಲಿ ವಿರಾಮವನ್ನೂ ಅದರ ನಂತರದ ವ್ಯಂಜನವನ್ನೂ ತೆಗೆಯಿರಿ, ಆಮೇಲೆ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, "ಬಸ್" ಥರದ ಪದದ ಕೊನೆಯಲ್ಲಿ ಉಳಿದ ವಿರಾಮ. ದೇವದುರ್ಗದಲ್ಲಿ ಉಳಿಯುವುದು "ದವದರ". ಈಗ ಮೈನಸ್ ಎಂ ಕೊಡಿ. ಮಾನ್ವಿ 2, ರಾಯಚೂರು 4, ದೇವದುರ್ಗ 4.