ಕರೆಂಟು ನಮಗೆ, ಬಾಕಿ ಮೊಮ್ಮಕ್ಕಳಿಗೆ

2012ರ ನವೆಂಬರ್‌ನಲ್ಲಿ ಕೆಜಿಎಫ್ ಬೀದಿಗಿಳಿಯಿತು. ಕೂಡಂಕುಳಂ ಸ್ಥಾವರದ ಅಣುತ್ಯಾಜ್ಯವನ್ನು ಕೋಲಾರದ ಪಾಳುಬಿದ್ದ ಚಿನ್ನದ ಗಣಿಗಳಲ್ಲಿ ಇಡುವ ಮಾತು ಸುಪ್ರೀಂ ಕೋರ್ಟಿನಲ್ಲಿ ಕೇಂದ್ರದ ಕಡೆಯಿಂದ ಬಂದಿತ್ತು. 2001ರಲ್ಲಿ ಗಣಿಗೆ ಬೀಗ ಬಿದ್ದ ಮೇಲೆ ಆ ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿ ಎದ್ದರೆ ಅವುಗಳ ನುಣ್ಣನೆಯ ಪುಡಿ ಹಾರಿ ಮನೆಗಳಿಗೆ ನುಗ್ಗುತ್ತದೆ. ಚಿನ್ನ ತೆಗೆದವರು ಬಿಟ್ಟುಹೋದ ಕಸದ ನಡುವೆಯೇ ಬದುಕುವ ಜನ, ಇನ್ನೊಬ್ಬರ ಕಸಕ್ಕೆ ಒಪ್ಪಲಿಲ್ಲ. ಪ್ರತಿಭಟನೆ ಜೋರಾದಾಗ ಅಣುಶಕ್ತಿ ಇಲಾಖೆ ಅಂಥ ಯೋಜನೆಯೇ ಇಲ್ಲ ಎಂದಿತು.

ಮಾತು ಅಲ್ಲಿಗೆ ನಿಂತಿತು. ತ್ಯಾಜ್ಯ ನಿಲ್ಲಲಿಲ್ಲ.

ಅಣುವಿದ್ಯುತ್ತಿನ ಪರವಾಗಿ ಹೇಳುವುದಕ್ಕೆ ಬೇಕಾದಷ್ಟಿದೆ. ಕಲ್ಲಿದ್ದಲಿನ ಹೊಗೆ ಇಲ್ಲ. ಕೈಗಾ ಸ್ಥಾವರದ ಮೊದಲ ಘಟಕ 2018ರ ಕೊನೆಗೆ 962 ದಿನಗಳ ಎಡೆಬಿಡದ ಓಟ ಮುಗಿಸಿ ಆಗಿನ ವಿಶ್ವದಾಖಲೆ ಬರೆಯಿತು. ತ್ಯಾಜ್ಯದ ಗಾತ್ರವೂ ಚಿಕ್ಕದೇ. ಭಾರತ ಉರಿದ ಇಂಧನವನ್ನು ಮರುಸಂಸ್ಕರಿಸಿ, ಉಳಿದ ವಿಷವನ್ನು ಗಾಜಿನಲ್ಲಿ ಬೆರೆಸಿ ಗಟ್ಟಿಯಾಗಿಸುತ್ತದೆ. ಆದರೆ ಆ ಗಾಜನ್ನು ಶಾಶ್ವತವಾಗಿ ಹೂಳುವ ಜಾಗ ದೇಶದಲ್ಲಿ ಇನ್ನೂ ಇಲ್ಲ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,000 ವರ್ಷ. ಹಲ್ಮಿಡಿ ಶಾಸನಕ್ಕೆ ಆಗಿರುವುದು ಸುಮಾರು 1,600 ವರ್ಷ. ಅದರ ಅಕ್ಷರಗಳನ್ನು ಇಂದು ತಜ್ಞರಷ್ಟೇ ಓದಬಲ್ಲರು.

ಇಷ್ಟು ದೀರ್ಘ ಕಾಲದ ಹೊಣೆಗೆ ದುಡ್ಡು ಯಾರು ಕೊಡಬೇಕು? ಬ್ರಿಟನ್ನಿನ ಸೆಲ್ಲಾಫೀಲ್ಡ್ ಅಣುಕೇಂದ್ರದಲ್ಲಿ ಆರಂಭದ ದಶಕಗಳಲ್ಲಿ ತ್ಯಾಜ್ಯವನ್ನು ಕೊಳಗಳಿಗೆ, ಕಣಜಗಳಿಗೆ ಸುರಿಯಲಾಯಿತು. ಮುಂದೆ ತೆಗೆಯುವುದು ಹೇಗೆಂದು ಯಾರೂ ಯೋಚಿಸಲಿಲ್ಲ. ಆ ಕೇಂದ್ರವನ್ನು ಶುಚಿ ಮಾಡಲು 13,600 ಕೋಟಿ ಪೌಂಡ್ ಬೇಕು, ಕೆಲಸ 2125ರವರೆಗೂ ನಡೆಯುತ್ತದೆ ಎಂದು 2024ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಮಾಡಿತು. ಅಂದಿನ ವಿನಿಮಯ ದರದಂತೆ ರೂಪಾಯಿಯಲ್ಲಿ ಸುಮಾರು 15 ಲಕ್ಷ ಕೋಟಿ; ಕರ್ನಾಟಕದ ಒಂದು ವರ್ಷದ ಬಜೆಟ್ಟಿನ ಮೂರು ಪಟ್ಟಿಗೂ ಹೆಚ್ಚು. ಅಮೆರಿಕದ ಕಥೆ ಬೇರೆ. ಅಲ್ಲಿನ ಸರ್ಕಾರ ಗ್ರಾಹಕರ ಬಿಲ್ಲಿನಿಂದ ಹಣ ಸಂಗ್ರಹಿಸಿ, 1998ರಿಂದ ತ್ಯಾಜ್ಯ ಒಯ್ಯುತ್ತೇನೆಂದು ಕಂಪನಿಗಳಿಗೆ ಮಾತು ಕೊಟ್ಟಿತ್ತು. ನೆವಾಡಾದ ಯಕ್ಕಾ ಬೆಟ್ಟವನ್ನು ಆ ರಾಜ್ಯದ ವಿರೋಧದ ನಡುವೆ ಆರಿಸಿತು, ಕೊನೆಗೆ ಕೈಬಿಟ್ಟಿತು. ಮಾತು ತಪ್ಪಿದ್ದಕ್ಕೆ ಕಂಪನಿಗಳಿಗೆ ಈವರೆಗೆ ಕೊಟ್ಟ ಪರಿಹಾರ 1,000 ಕೋಟಿ ಡಾಲರ್ ದಾಟಿದೆ.

ಆದರೆ ಫಿನ್ಲೆಂಡ್ ಜನರ ಒಪ್ಪಿಗೆಯಿಂದ ಶುರುಮಾಡಿತು. ಊರು ಬೇಡವೆಂದರೆ ಯೋಜನೆ ಅಲ್ಲಿಗೇ ರದ್ದು ಎಂಬುದು ಅಲ್ಲಿನ ಕಾನೂನು. 2000ದಲ್ಲಿ ಯೂರಯೋಕಿ ಸ್ಥಳೀಯ ಮಂಡಳಿಯ 20 ಸದಸ್ಯರು ತಮ್ಮಲ್ಲಿ ತ್ಯಾಜ್ಯ ಹೂಳುವುದಕ್ಕೆ ಹೌದೆಂದರು, 7 ಮಂದಿ ಬೇಡವೆಂದರು. ಈಗ ಅಲ್ಲಿನ ಓಂಕಾಲೊ ಸುರಂಗ 400 ಮೀಟರಿಗೂ ಹೆಚ್ಚು ಆಳಕ್ಕೆ, ಸುಮಾರು 190 ಕೋಟಿ ವರ್ಷ ಹಳೆಯ ಬಂಡೆಯೊಳಗೆ ಇಳಿದಿದೆ. ಇಂಧನದ ಸರಳುಗಳು ಬೀಡುಕಬ್ಬಿಣದ ಚೌಕಟ್ಟಿನೊಳಗೆ. ಅದರ ಸುತ್ತ ಐದು ಸೆಂಟಿಮೀಟರ್ ದಪ್ಪದ ತಾಮ್ರದ ಡಬ್ಬಿ. ಡಬ್ಬಿಯ ಸುತ್ತ ನೀರು ತಾಗಿದರೆ ಉಬ್ಬಿ ಬಿರುಕು ಮುಚ್ಚುವ ಬೆಂಟೋನೈಟ್ ಜೇಡಿಮಣ್ಣು. ಇದಕ್ಕೆ ತಗಲುವ ಹಣವನ್ನು ವಿದ್ಯುತ್ ಕಂಪನಿಗಳು ಮೊದಲೇ ಸರ್ಕಾರಿ ನಿಧಿಗೆ ಕಟ್ಟಬೇಕು.

2047ರ ಹೊತ್ತಿಗೆ ಒಂದು ಲಕ್ಷ ಮೆಗಾವಾಟ್ ಅಣುವಿದ್ಯುತ್ ಭಾರತದ ಗುರಿ. ಕೈಗಾದಲ್ಲೇ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳು ಬರಲಿವೆ. ಹಳೆಯ ಸ್ಥಾವರ ಕಳಚುವ ವೆಚ್ಚಕ್ಕೆಂದು ಯೂನಿಟ್ಟಿಗೆ ಸಂಗ್ರಹವಾಗುವುದು 2 ಪೈಸೆ. ಸೆಲ್ಲಾಫೀಲ್ಡ್ ಕಂಡ ಮೇಲೆ ಈ 2 ಪೈಸೆ ಸಾಕೇ ಎಂದು ಸಂಸತ್ತು ಕೇಳಲೇಬೇಕು. ಕಳಚುವ ಖರ್ಚು, ಕಾಯುವ ಖರ್ಚು, ಹೂಳುವ ಖರ್ಚು ಮೂರನ್ನೂ ಬಿಡಿಬಿಡಿಯಾಗಿ ಜನರ ಮುಂದಿಡಬೇಕು; ಖಾಸಗಿ ಕಂಪನಿಗಳು ಸ್ಥಾವರ ನಡೆಸಲು ಬಂದರೆ ಅವುಗಳಿಂದ ಆ ಹಣವನ್ನು ಸ್ಥಾವರ ಓಡುತ್ತಿರುವಾಗಲೇ ಕಟ್ಟಿಸಿಕೊಳ್ಳಬೇಕು. ತ್ಯಾಜ್ಯಕ್ಕೆ ಜಾಗ ಹುಡುಕುವಾಗ ಗ್ರಾಮಸಭೆಗೆ ಬೇಡವೆನ್ನುವ ಹಕ್ಕು ಕಾನೂನಿನಲ್ಲೇ ಇರಬೇಕು. ಯೂರಯೋಕಿಯ ಜನರಿಗೆ ಸಿಕ್ಕ ಆ ಹಕ್ಕು 2012ರಲ್ಲಿ ಕೆಜಿಎಫ್ ಜನರ ಕೈಯಲ್ಲಿರಲಿಲ್ಲ. ತಮ್ಮ ಮಾತು ಕೇಳಿಸಲು ಅವರು ಬೀದಿಗೇ ಇಳಿಯಬೇಕಾಯಿತು.