ಬ್ಯಾಗ್ ಬಿಚ್ಚಿಸುವ ಮೊದಲು ಕನ್ನಡದಲ್ಲಿ ಹೇಳಿ

ಸಾದಲಿಯಿಂದ ಶಿಡ್ಲಘಟ್ಟ, ವಿಜಯಪುರ, ದೇವನಹಳ್ಳಿ ದಾಟಿದರೆ ಏರ್‌ಪೋರ್ಟ್. 2008ರ ಮೇ 24ರಿಂದ ಅಲ್ಲಿ ವಿಮಾನಗಳು ಹಾರುತ್ತಿವೆ. ಈಗ ನಮ್ಮ ಕಡೆಯವರೂ ಕೆಲಸಕ್ಕೆ, ಓದಿಗೆ, ಕಾಶಿಗೆ, ಹಜ್‌ಗೆ ಅಲ್ಲಿಂದಲೇ ಹೊರಡುತ್ತಾರೆ. ಆದರೆ ಎಷ್ಟು ಕೆ.ಜಿ. ಒಯ್ಯಬಹುದು, ಯಾವ ಸಾಮಾನು ಯಾವ ಬ್ಯಾಗಿಗೆ ಎಂಬುದು ಟಿಕೆಟ್‌ನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅಡಗಿರುತ್ತದೆ. ಹಳ್ಳಿಯವರಿಗೆ ಅದು ಗೊತ್ತಾಗುವುದು ಕೌಂಟರ್‌ನಲ್ಲಿ, ದುಡ್ಡು ಕಟ್ಟುವಾಗ. ಇದನ್ನು ಇಂಗ್ಲಿಷ್ ಬಾರದವರ ಮೇಲಿನ ತೆರಿಗೆ ಎಂದೇ ನಾವು ಕರೆಯುತ್ತೇವೆ.

ಕೆಎಸ್‌ಆರ್‌ಟಿಸಿ ಬಸ್ಸನ್ನೇ ನೋಡಿ. ದೊಡ್ಡವರಿಗೆ 30 ಕೆ.ಜಿ. ಲಗೇಜು ಉಚಿತ. ಹೆಚ್ಚಾದರೆ ಕಂಡಕ್ಟರ್ ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿ ಟಿಕೆಟ್ ಹರಿಯುತ್ತಾರೆ. ಬಸ್ಸಿಗೆ ಸಾಧ್ಯವಾದದ್ದು ವಿಮಾನಕ್ಕೇಕೆ ಆಗದು?

ಮಗಳು ಊರಿಗೆ ಬಂದು ಹೊರಟರೆ ಮಡಿಲಕ್ಕಿ ತುಂಬುತ್ತೇವೆ. ಅದರಲ್ಲಿ ಕೊಬ್ಬರಿ ಗಿಟುಕು ಇರಲೇಬೇಕು. ಆದರೆ ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತು ಎಂದು ವಿಮಾನಯಾನದ ನಿಯಮ ಅದನ್ನು ಅಪಾಯಕಾರಿ ಪಟ್ಟಿಗೆ ಸೇರಿಸಿದೆ. ಪೂಜೆಯ ಕರ್ಪೂರ, ಬೆಂಕಿಪೊಟ್ಟಣಕ್ಕೂ ಅದೇ ಗತಿ. ಕಾರಣ ನ್ಯಾಯವಾದದ್ದೇ, ನಮ್ಮ ತಕರಾರಿಲ್ಲ. ಆದರೆ ಆ ಕಾರಣವನ್ನು ಊರಲ್ಲೇ ತಿಳಿಸಿದ್ದರೆ ತಾಯಿ ಕೊಟ್ಟ ಗಿಟುಕು ಕಸದ ಡಬ್ಬಿಗೆ ಬೀಳುತ್ತಿರಲಿಲ್ಲ.

'ನಿಯಮವೆಲ್ಲ ಸುರಕ್ಷತೆಗಾಗಿ' ಎನ್ನುವವರಿದ್ದಾರೆ. ಎಲ್ಲವೂ ಅಲ್ಲ. ಕೊಬ್ಬರಿ, ಚಾಕು, ಬ್ಯಾಟರಿಯ ನಿಯಮ ಸುರಕ್ಷತೆಯದು. ಹೆಚ್ಚುವರಿ ಕೆ.ಜಿ.ಗೆ ಎಷ್ಟು ರೂಪಾಯಿ ಎಂಬುದು ವ್ಯಾಪಾರದ್ದು. ದುಡ್ಡು ಕಟ್ಟಿದ ಕೂಡಲೇ ಅದೇ ತೂಕ ಅದೇ ವಿಮಾನದಲ್ಲಿ ಹೋಗುತ್ತದಲ್ಲ! 2016ರಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ 15ರಿಂದ 20 ಕೆ.ಜಿ.ವರೆಗೆ ಕೆ.ಜಿ.ಗೆ 100 ರೂಪಾಯಿ ಮೀರಬಾರದು ಎಂದಿತ್ತು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ದೆಹಲಿ ಹೈಕೋರ್ಟ್ ಆ ಮಿತಿಯನ್ನು ರದ್ದು ಮಾಡಿತು. ಈಗ ದರ ಕಂಪನಿಯ ಇಷ್ಟ. ದರ ಅವರ ಇಷ್ಟವಾದರೆ, ಅದನ್ನು ಮೊದಲೇ ನಮ್ಮ ಭಾಷೆಯಲ್ಲಿ ತಿಳಿಸುವುದು ಅವರ ಹೊಣೆ.

ಅವರು ಹೇಳುವ ತನಕ ನಾವು ಹೇಳುತ್ತೇವೆ.

ದೇಶದೊಳಗಿನ ಸಾಮಾನ್ಯ ಟಿಕೆಟ್‌ಗೆ ಹೆಚ್ಚಾಗಿ ಕೌಂಟರ್‌ನಲ್ಲಿ ಕೊಡುವ ಬ್ಯಾಗ್ 15 ಕೆ.ಜಿ., ಕೈಯಲ್ಲಿ ಒಯ್ಯುವ ಬ್ಯಾಗ್ ಒಂದೇ, 7 ಕೆ.ಜಿ. ವಿದೇಶದ ಟಿಕೆಟ್‌ನಲ್ಲಿ ಲೆಕ್ಕ ಬೇರೆ. ಕೆಲವೆಡೆ ಒಟ್ಟು ಕೆ.ಜಿ., ಅಮೆರಿಕದಂಥ ಕಡೆಗೆ ಬ್ಯಾಗುಗಳ ಸಂಖ್ಯೆ. ಎರಡು ಬ್ಯಾಗ್, ತಲಾ 23 ಕೆ.ಜಿ. ಎಂದಿದ್ದರೆ ಒಂದರಲ್ಲಿ 28, ಇನ್ನೊಂದರಲ್ಲಿ 18 ತುಂಬಿದರೂ ದಂಡ ಬೀಳಬಹುದು. ಮನೆಯಲ್ಲೇ ತೂಗಿ. ಹೆಚ್ಚಾಗುತ್ತದೆ ಎಂದಾದರೆ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ, ಕೌಂಟರ್‌ಗಿಂತ ಸಾಮಾನ್ಯವಾಗಿ ಅಗ್ಗ.

ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ದೊಡ್ಡ ಬ್ಯಾಗಿಗೆ ಹಾಕಿದರೆ ಕರೆದು ಬಿಚ್ಚಿಸುತ್ತಾರೆ. ಚಾಕು, ಕತ್ತರಿ, ಈಳಿಗೆ ದೊಡ್ಡ ಬ್ಯಾಗಿಗೆ. ಉಪ್ಪಿನಕಾಯಿ, ತುಪ್ಪ, ಖಾರದ ಪುಡಿಯನ್ನೂ ಭದ್ರವಾಗಿ ಕಟ್ಟಿ ಅಲ್ಲೇ ಹಾಕಿ. ವಿದೇಶಕ್ಕೆ ಹೋಗುವಾಗ ಕೈಬ್ಯಾಗಿನಲ್ಲಿ ದ್ರವ ಪದಾರ್ಥದ ಬಾಟಲಿ 100 ಮಿ.ಲೀ. ಮೀರುವಂತಿಲ್ಲ. ಒಡವೆ, ದುಡ್ಡು, ಔಷಧಿ, ಕಾಗದಪತ್ರ ಕೈಬ್ಯಾಗ್ ಬಿಟ್ಟು ಬೇರೆಲ್ಲೂ ಬೇಡ.

ಇನ್ನು ಹಕ್ಕಿನ ಮಾತು. ಬ್ಯಾಗ್ ಬರಲಿಲ್ಲವೇ, ಒಡೆದಿದೆಯೇ? ಏರ್‌ಪೋರ್ಟ್ ಬಿಡುವ ಮೊದಲೇ ಕಂಪನಿಯ ಕೌಂಟರ್‌ನಲ್ಲಿ ಬರವಣಿಗೆಯ ದೂರು ಕೊಟ್ಟು ಪ್ರತಿ ಪಡೆಯಿರಿ. ಬ್ಯಾಗ್ ಹಾಳಾಗಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ದೂರು ಕೊಡಬೇಕು. 2019ರ ಪ್ರಯಾಣಿಕರ ಹಕ್ಕುಪತ್ರದ ಪ್ರಕಾರ ದೇಶದೊಳಗಿನ ಪ್ರಯಾಣಕ್ಕೆ 20,000 ರೂಪಾಯಿವರೆಗೆ ಪರಿಹಾರ ಕೇಳಬಹುದು. ಕಂಪನಿ ಕಿವಿಗೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪ್ ಇದೆ. ದಂಡದ ನಿಯಮ ಎಲ್ಲರಿಗೂ ಕೌಂಟರ್‌ನಲ್ಲಿ ಗೊತ್ತಾಗುತ್ತದೆ. ಪರಿಹಾರದ ನಿಯಮವನ್ನು ಅಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಟಿಕೆಟ್ ಜೊತೆ ಕನ್ನಡದಲ್ಲಿ ಒಂದು ಪುಟ ಬರಲಿ. ಶಿಡ್ಲಘಟ್ಟ, ಚಿಂತಾಮಣಿಯಲ್ಲಿ ಟಿಕೆಟ್ ಮಾಡಿಕೊಡುವ ಅಂಗಡಿಗಳು ಕಮಿಷನ್ ಪಡೆಯುವ ಮೊದಲು ತೂಕದ ಲೆಕ್ಕ ಓದಿ ಹೇಳಲಿ. ಏರ್‌ಪೋರ್ಟ್ ಬಾಗಿಲಲ್ಲಿ, ಬ್ಯಾಗ್ ಬಿಚ್ಚುವ ಜಾಗಕ್ಕಿಂತ ಮೊದಲೇ, ಚಿತ್ರಸಹಿತ ಕನ್ನಡ ಫಲಕ ನಿಲ್ಲಲಿ. ಈ ಜಿಲ್ಲೆಗಳ ನೆಲದ ಮೇಲೆ ರನ್‌ವೇ ಹಾಕಿದವರಿಗೆ ಒಂದು ಹಾಳೆ ಕನ್ನಡ ಭಾರವಾಗಬಾರದು.

ನಿಮ್ಮ ಮನೆಯಿಂದ ಯಾರಾದರೂ ಹೊರಡುವವರಿದ್ದರೆ ಇದನ್ನು ಅವರಿಗೆ ಇವತ್ತೇ ಕಳಿಸಿ. ಟಿಕೆಟ್ ಮಾಡಿಸುವ ಅಂಗಡಿಯಲ್ಲಿ 'ಲಗೇಜಿನ ನಿಯಮ ಕನ್ನಡದಲ್ಲಿ ಕೊಡಿ' ಎಂದು ಕೇಳಿ. ಕೇಳುವವರು ಹೆಚ್ಚಾದರೆ ಕೊಡಲೇಬೇಕಾಗುತ್ತದೆ.